ಊರುಗಳ ಇತಿಹಾಸ ಬರೆದ ಏಸಾ ಬ್ರಿಗ್ಸ್

(ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಹೇಳಹೊರಟಿರುವುದು ಒಬ್ಬ ಇತಿಹಾಸಕಾರರ ವಿಷಯ. ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲು ಹಾಕಿ ಬಂದವರಿದ್ದೀರಿ. ಬೋನಸ್ಸು, ತುಟ್ಟಿಭತ್ಯೆ, ಬದಲಿ ಕೆಲಸಗಾರರ ಪ್ರಶ್ನೆ, ತೆರಿಗೆಯ ಕಾಟ ಇವೆಲ್ಲ ತಲೆಯ ಮೇಲೆ ಕುಳಿತಿರುವಾಗ ಇಂಗ್ಲೆಂಡಿನ ಒಬ್ಬ ಪ್ರಾಧ್ಯಾಪಕರನ್ನು ಕಟ್ಟಿಕೊಂಡು ನಮಗೇನು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ನಾವು ಮೇಷ್ಟರಾಗಿದ್ದ ಕಾಲದಲ್ಲಿ ಪಠ್ಯಪುಸ್ತಕದ ಇತಿಹಾಸವೆಂದರೆ ರಾಜನ ಹೆಸರು, ಪಟ್ಟಕ್ಕೆ ಬಂದ ವರ್ಷ, ಯುದ್ಧ ನಡೆದ ಬಯಲು. ಊರಿನ ಹೆಸರು ಅದರಲ್ಲಿ ಬರಬೇಕಾದರೆ ಆ ಊರು ಒಂದೋ ರಾಜಧಾನಿಯಾಗಿರಬೇಕು, ಇಲ್ಲವೇ ಅಲ್ಲಿ ಯಾರಾದರೂ ಸೋತಿರಬೇಕು. ಮಗ್ಗದ ಮುಂದೆ ನಿಂತವನಿಗೂ ತಕ್ಕಡಿ ಹಿಡಿದವನಿಗೂ ಅಲ್ಲಿ ಜಾಗವಿರಲಿಲ್ಲ. ಇಂಗ್ಲೆಂಡಿನಲ್ಲಿಯೂ ಬಹುಕಾಲ ಇದೇ ಸ್ಥಿತಿ ಇದ್ದಿತು. ಲಂಡನ್ನಿನ ಅರಮನೆ, ಪಾರ್ಲಿಮೆಂಟು, ಮಂತ್ರಿಗಳ ಪತ್ರವ್ಯವಹಾರ, ಇಷ್ಟೇ ದೇಶದ ಚರಿತ್ರೆ ಎನ್ನಿಸಿಕೊಂಡಿತ್ತು. ಗಿರಣಿಯ ಹೊಗೆ ಮುಸುಕಿದ ಊರುಗಳಿಗೂ ಇತಿಹಾಸವುಂಟು, ದೇಶವನ್ನು ಬದಲಾಯಿಸಿದ್ದು ಆ ಊರುಗಳೇ ಎಂದು ಪಟ್ಟು ಹಿಡಿದು ಬರೆದವರಲ್ಲಿ ಏಸಾ ಬ್ರಿಗ್ಸ್ ಮುಖ್ಯರು.

ಅವರು ಹುಟ್ಟಿದ್ದು ೧೯೨೧ರಲ್ಲಿ, ಯಾರ್ಕ್‌ಷೈರಿನ ಕೀತ್ಲಿ ಎಂಬ ಊರಿನಲ್ಲಿ. (ಇಂಗ್ಲಿಷಿನಲ್ಲಿ ಆ ಹೆಸರನ್ನು ಬರೆಯುವುದು ಒಂದು ಬಗೆ, ಕರೆಯುವುದು ಇನ್ನೊಂದು ಬಗೆ. ಓದಿದವರೂ ಎಡವುತ್ತಾರೆ.) ಕೀತ್ಲಿ ಉಣ್ಣೆ ಗಿರಣಿಗಳ ಊರು, ಗಿರಣಿಗೆ ಬೇಕಾದ ಯಂತ್ರಗಳನ್ನು ಮಾಡುವ ಊರು. ತಂದೆ ಎಂಜಿನಿಯರ್ ಕೆಲಸದವರು. ಊರು ಚಿಕ್ಕದಾದರೂ ಅಕ್ಷರದ ಹಸಿವು ದೊಡ್ಡದು. ೧೮೨೫ರಷ್ಟು ಹಿಂದೆಯೇ ಅಲ್ಲಿ ಕುಶಲಕರ್ಮಿಗಳ ವಿದ್ಯಾಸಂಸ್ಥೆಯೊಂದು ಹುಟ್ಟಿತ್ತು. ಅಮೆರಿಕದ ಕಾರ್ನೆಗಿ ಹಣದಿಂದ ಇಂಗ್ಲೆಂಡಿನಲ್ಲಿ ಕಟ್ಟಿದ ಮೊದಲ ಸಾರ್ವಜನಿಕ ಪುಸ್ತಕಾಲಯ ೧೯೦೪ರಲ್ಲಿ ತೆರೆದದ್ದೂ ಅಲ್ಲಿಯೇ.

ಅಂತಹ ಊರಿನ ಶಾಲೆಯಿಂದ ವಿದ್ಯಾರ್ಥಿವೇತನ ಪಡೆದು ಹುಡುಗ ಕೇಂಬ್ರಿಜ್ಜಿಗೆ ಹೋದ. ೧೯೪೧ರಲ್ಲಿ ಇತಿಹಾಸದಲ್ಲಿ ಪ್ರಥಮ ದರ್ಜೆ. ಜೊತೆಜೊತೆಗೇ ಹೊರಗಿನಿಂದ ಕಟ್ಟಿ ಲಂಡನ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪದವಿಯಲ್ಲೂ ಪ್ರಥಮ ದರ್ಜೆ. ಯುದ್ಧಕಾಲದಲ್ಲಿ ಬ್ಲೆಚ್‌ಲಿ ಪಾರ್ಕಿನಲ್ಲಿ ಜರ್ಮನರ ಗುಪ್ತಲಿಪಿ ಬಿಡಿಸುವ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾದರು.

ಅಲ್ಲಿಗೆ ಬಂದ ತರುಣ ವಿದ್ವಾಂಸನು ಏನು ಮಾಡಬೇಕು? ಯಾವುದಾದರೂ ಪ್ರಧಾನಮಂತ್ರಿಯ ಚರಿತ್ರೆ ಬರೆದರೆ ಮುಂದಿನ ಮೆಟ್ಟಿಲು ಸುಲಭ. ಬ್ರಿಗ್ಸ್ ಅವರು ಹಿಡಿದದ್ದು ಬರ್ಮಿಂಗ್‌ಹ್ಯಾಮ್ ನಗರಸಭೆ ಬರೆಸುತ್ತಿದ್ದ ತನ್ನ ಊರಿನ ಇತಿಹಾಸದ ಎರಡನೆಯ ಸಂಪುಟವನ್ನು. ೧೮೬೫ರಿಂದ ೧೯೩೮ರವರೆಗಿನ ಕಾಲ ಅದು. ಪುಸ್ತಕ ೧೯೫೨ರಲ್ಲಿ ಹೊರಬಂದಾಗ ಅವರಿಗೆ ಮೂವತ್ತೊಂದು ವರ್ಷ. ನಗರಸಭೆಯ ನಡವಳಿಕೆ ಪುಸ್ತಕ, ಊರಿನ ಹಳೆಯ ಪತ್ರಿಕೆ, ಚುನಾವಣೆಯ ಲೆಕ್ಕ, ಇವು ಸಂಸ್ಥಾನದ ಕಾಗದಪತ್ರಗಳಷ್ಟೇ ಬೆಲೆಯುಳ್ಳವೆಂದು ಅವರು ಅಂದೇ ತೋರಿಸಿದರು. ೧೯೫೫ರಲ್ಲಿ ಹುಟ್ಟೂರಿನ ಸಮೀಪದ ಲೀಡ್ಸಿಗೆ ಪ್ರಾಧ್ಯಾಪಕರಾಗಿ ಮರಳಿದರು. ಅವರ ಮುಖ್ಯ ಗ್ರಂಥವಾದ 'ವಿಕ್ಟೋರಿಯನ್ ಸಿಟೀಸ್' ಬಂದದ್ದು ೧೯೬೩ರಲ್ಲಿ. ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್, ಮಿಡಲ್ಸ್‌ಬ್ರೊ, ಆಸ್ಟ್ರೇಲಿಯದ ಮೆಲ್ಬರ್ನ್, ಕೊನೆಗೆ ಲಂಡನ್: ಇವುಗಳಿಗೆ ಒಂದೊಂದು ಅಧ್ಯಾಯ. ಲಂಡನ್ ಕೊನೆಗೆ ಎಂಬುದನ್ನು ದಯವಿಟ್ಟು ಗಮನಿಸಿ.

ಆ ಗ್ರಂಥದ ತಿರುಳೇನು? ಕಾರ್ಖಾನೆಯ ಊರುಗಳೆಲ್ಲ ಒಂದೇ ಅಚ್ಚಿನ ಕೊಳಕು ಊರುಗಳು, ಒಂದನ್ನು ಕಂಡರೆ ಎಲ್ಲವನ್ನೂ ಕಂಡಂತೆ, ಎಂದು ಲೂಯಿಸ್ ಮಮ್‌ಫರ್ಡರಂತಹ ದೊಡ್ಡ ಪಂಡಿತರೇ ಬರೆದಿದ್ದರು. ಬ್ರಿಗ್ಸ್ ಅವರು ಇದನ್ನು ಒಪ್ಪಲಿಲ್ಲ. ಹೊಗೆ ಒಂದೇ ಇರಬಹುದು, ಊರು ಒಂದೇ ಅಲ್ಲ ಎಂಬುದು ಅವರ ವಾದ. ಏನು ತಯಾರಾಗುತ್ತದೆ, ಎಷ್ಟು ಜನ ಒಂದು ಸೂರಿನ ಕೆಳಗೆ ದುಡಿಯುತ್ತಾರೆ, ಮಾಲೀಕ ಎಲ್ಲಿ ಮಲಗುತ್ತಾನೆ, ಊರಿನ ಹಣ ಯಾರ ಕೈಯಲ್ಲಿ ಓಡಾಡುತ್ತದೆ, ಇವುಗಳಿಂದ ಆ ಊರಿನ ರಾಜಕೀಯದ ಬಣ್ಣವೇ ಬೇರೆಯಾಗುತ್ತದೆ.

ಮ್ಯಾಂಚೆಸ್ಟರನ್ನೇ ತೆಗೆದುಕೊಳ್ಳೋಣ. ೧೮೦೧ರಲ್ಲಿ ಅಲ್ಲಿ ಸುಮಾರು ೭೫ ಸಾವಿರ ಜನ. ೧೮೫೧ರ ಹೊತ್ತಿಗೆ ಮೂರು ಲಕ್ಷ. ಲೋಕಕ್ಕೆಲ್ಲ ಬಟ್ಟೆ ಹೊದಿಸಿದ ಊರಿಗೆ ೧೮೩೨ರವರೆಗೆ ಪಾರ್ಲಿಮೆಂಟಿನಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ! ಜನವಸತಿಯೇ ಇಲ್ಲದಿದ್ದ ಓಲ್ಡ್ ಸೇರಮ್ ಎಂಬ ಹಾಳುದಿಬ್ಬಕ್ಕೆ ಇಬ್ಬರು ಪ್ರತಿನಿಧಿಗಳಿದ್ದರು. ೧೮೧೯ರ ಆಗಸ್ಟ್ ೧೬ರಂದು ಮತದ ಹಕ್ಕು ಕೇಳಲು ಸೇಂಟ್ ಪೀಟರ್ಸ್ ಬಯಲಿನಲ್ಲಿ ಸುಮಾರು ೬೦ ಸಾವಿರ ಜನ ಹೆಂಗಸರು ಮಕ್ಕಳ ಸಹಿತ ಸೇರಿದಾಗ ಕುದುರೆ ದಂಡು ಕತ್ತಿ ಹಿರಿದು ನುಗ್ಗಿತು. ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ಮೊದಲು ನುಗ್ಗಿದ ಸವಾರರು ಎಲ್ಲಿಂದಲೋ ಬಂದ ಸಿಪಾಯಿಗಳಲ್ಲ. ಅದೇ ಊರಿನ ಗಿರಣಿ ಮಾಲೀಕರ, ವರ್ತಕರ ಮನೆಯವರು. ಈ ಒಂದು ಸಂಗತಿಯಲ್ಲಿ ಮ್ಯಾಂಚೆಸ್ಟರಿನ ಸ್ವಭಾವವೆಲ್ಲ ಅಡಗಿದೆ. ಅಲ್ಲಿ ಗಿರಣಿ ದೊಡ್ಡದು. ಮಾಲೀಕ ಊರ ಹೊರಗಿನ ಬಂಗಲೆಯಲ್ಲಿ, ಕೂಲಿಕಾರ ಗಲ್ಲಿಯ ನೆಲಮಾಳಿಗೆಯಲ್ಲಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಜೀವಮಾನ ಕಳೆಯಬಹುದಾಗಿತ್ತು.

ಬರ್ಮಿಂಗ್‌ಹ್ಯಾಮಿನಲ್ಲಿ ಹಾಗಲ್ಲ. ಗುಂಡಿ, ಸೂಜಿ, ಬಂದೂಕು, ಉಕ್ಕಿನ ಲೇಖನಿ, ತಿರುಪುಮೊಳೆ, ಇಂತಹ ನೂರೆಂಟು ಸಾಮಾನು ಮಾಡುವ ಚಿಕ್ಕಚಿಕ್ಕ ಕಾರ್ಖಾನೆಗಳು ಅಲ್ಲಿ. ಯಜಮಾನನೂ ಅಂಗಿಯ ತೋಳು ಮಡಿಸಿ ಆಳಿನ ಪಕ್ಕದಲ್ಲಿಯೇ ನಿಲ್ಲುವನು. ಇಂದಿನ ಆಳು ನಾಳೆ ಸಾಲ ಮಾಡಿ ಯಜಮಾನನಾಗಬಹುದು. ನಾಡಿದ್ದು ದಿವಾಳಿಯೆದ್ದು ಮತ್ತೆ ಆಳಾಗಬಹುದು. ಆದುದರಿಂದ ೧೮೩೦ರಲ್ಲಿ ತಾಮಸ್ ಆಟ್‌ವುಡ್ ಎಂಬ ಬ್ಯಾಂಕಿನವನು ರಾಜಕೀಯ ಸಂಘ ಕಟ್ಟಿದಾಗ ಯಜಮಾನರೂ ಕೆಲಸಗಾರರೂ ಒಂದೇ ಬಾವುಟದಡಿ ನಿಂತರು. ಆತನ ಆಸೆಯೆಲ್ಲ ನಾಣ್ಯಪದ್ಧತಿಯನ್ನು ಸುಧಾರಿಸಿದರೆ ಎಲ್ಲರ ಕಷ್ಟವೂ ತೀರುತ್ತದೆಂಬುದು.

ಇಲ್ಲಿ ಬ್ರಿಗ್ಸ್ ಅವರು ಒಂದು ಚುಚ್ಚುಮಾತು ಆಡುತ್ತಾರೆ. ಎಂಗೆಲ್ಸರು ೧೮೪೨ರಿಂದ ೧೮೪೪ರವರೆಗೆ ಮ್ಯಾಂಚೆಸ್ಟರಿನಲ್ಲಿ ತಂದೆಯ ಪಾಲಿನ ಹತ್ತಿ ಗಿರಣಿಯ ಕಚೇರಿಯಲ್ಲಿದ್ದು, ಅಲ್ಲಿ ಕಂಡದ್ದನ್ನು ಆಧರಿಸಿ ಕಾರ್ಮಿಕವರ್ಗದ ಸ್ಥಿತಿಯ ಬಗ್ಗೆ ೧೮೪೫ರಲ್ಲಿ ಪುಸ್ತಕ ಬರೆದರಷ್ಟೆ. ಅವರು ಮ್ಯಾಂಚೆಸ್ಟರಿಗೆ ಬದಲಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಇದ್ದಿದ್ದರೆ ವರ್ಗದ ವಿಷಯದಲ್ಲಿ ಅವರ ಕಲ್ಪನೆಯೇ ಬೇರೆಯಾಗುತ್ತಿತ್ತು. ಮಾರ್ಕ್ಸರು ಕಮ್ಯೂನಿಸ್ಟರಾಗದೆ ನಾಣ್ಯ ಸುಧಾರಕರಾಗಿ ಉಳಿಯುತ್ತಿದ್ದರೋ ಏನೋ, ಎಂದು ಅವರ ಅಭಿಪ್ರಾಯ!

ಕೆಲವರ ಹುಬ್ಬು ಗಂಟಿಕ್ಕಿದ್ದು ನಮಗೆ ಕಾಣಿಸುತ್ತಿದೆ. ನಾವೂ ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಆ ಚಿಕ್ಕ ಯಜಮಾನರ ಗತಿ ಮುಂದೆ ಏನಾಯಿತು? ಅದೇ ಊರಿನ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್ ಎಂಬ ತಿರುಪುಮೊಳೆಯ ಕಾರ್ಖಾನೆ ಹೊಸ ಯಂತ್ರ ತಂದು ಅಗ್ಗದ ಬೆಲೆಯಿಂದ ಸಣ್ಣ ತಯಾರಕರನ್ನು ಮೂಲೆಗೆ ತಳ್ಳಿತು. ಕೊನೆಗೆ ಬರ್ಮಿಂಗ್‌ಹ್ಯಾಮೂ ಮ್ಯಾಂಚೆಸ್ಟರಿನ ದಾರಿಗೇ ಬಂತು, ಸ್ವಲ್ಪ ತಡವಾಗಿ. ಅದೇನೇ ಇರಲಿ, ಸಂಘಟನೆ ಮಾಡುವವನು ಈ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಇರಬಾರದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಗಿರಣಿಯ ಬಾಗಿಲಲ್ಲಿ ಕೂಗಿದ ಘೋಷಣೆಯನ್ನೇ ಇಳಕಲ್ಲಿಗೋ ಗುಳೇದಗುಡ್ಡಕ್ಕೋ ಹೋಗಿ ಕೂಗಿದರೆ ಏನಾಗುತ್ತದೆ? ಅಲ್ಲಿ ನೇಕಾರನಿಗೆ ನೂಲು ಕೊಡುವವನು, ಸಾಲ ಕೊಡುವವನು, ಸೀರೆ ಕೊಳ್ಳುವವನು ಮೂವರೂ ಒಬ್ಬನೇ ಆಗಿರಬಹುದು. ಸಾಲದ್ದಕ್ಕೆ ಅವನು ಪಕ್ಕದ ಬೀದಿಯವನು, ಮದುವೆ ಮುಂಜಿಗೆ ಕರೆಯುವವನು. ಅವನ ವಿರುದ್ಧ ಮುಷ್ಕರ ಹೂಡುವುದು ಹೇಗೆ? ಇದಕ್ಕೆ ಉತ್ತರ ಪುಸ್ತಕದ ಸಿದ್ಧಾಂತದಲ್ಲಿಲ್ಲ, ಆ ಊರಿನ ಲೆಕ್ಕದಲ್ಲಿದೆ.

ಇದೇ ದೃಷ್ಟಿಯಿಂದ ಬ್ರಿಗ್ಸ್ ಅವರು ೧೯೫೯ರಲ್ಲಿ ಚಾರ್ಟಿಸ್ಟ್ ಚಳವಳಿಯ ಬಗ್ಗೆ ಒಂದು ಪ್ರಬಂಧ ಸಂಗ್ರಹವನ್ನು ಸಂಪಾದಿಸಿದರು. ಚಾರ್ಟಿಸ್ಟರು ೧೮೩೮ರಲ್ಲಿ ಆರು ಬೇಡಿಕೆ ಮುಂದಿಟ್ಟರು: ವಯಸ್ಕ ಗಂಡಸರೆಲ್ಲರಿಗೂ ಮತ, ಗುಪ್ತ ಮತದಾನ, ಆಸ್ತಿಯಿಲ್ಲದವನೂ ಪಾರ್ಲಿಮೆಂಟಿಗೆ ನಿಲ್ಲುವ ಹಕ್ಕು, ಸದಸ್ಯರಿಗೆ ಸಂಬಳ, ಸಮಪ್ರಮಾಣದ ಕ್ಷೇತ್ರಗಳು, ವರ್ಷವರ್ಷಕ್ಕೂ ಹೊಸ ಪಾರ್ಲಿಮೆಂಟು. ೧೮೪೨ರ ಅರ್ಜಿಗೆ ಮೂವತ್ತಮೂರು ಲಕ್ಷ ರುಜುಗಳಿದ್ದುವೆಂದು ಹೇಳುತ್ತಾರೆ. ಪಾರ್ಲಿಮೆಂಟು ತಳ್ಳಿಹಾಕಿತು. ಆರರಲ್ಲಿ ಐದು ಆ ಮೇಲೆ ಒಂದೊಂದಾಗಿ ಕಾನೂನಾದುವು. ಇದನ್ನು ಲಂಡನ್ನಿನ ನಾಯಕರ ಜಗಳವೆಂದು ಬರೆಯುವುದೇ ರೂಢಿಯಾಗಿತ್ತು. ಬ್ರಿಗ್ಸ್ ಅವರ ಸಂಪುಟ ಮ್ಯಾಂಚೆಸ್ಟರ್, ಲೀಡ್ಸ್, ಲೆಸ್ಟರ್, ಗ್ಲಾಸ್ಗೊ, ವೇಲ್ಸ್ ಹೀಗೆ ಊರು ಊರಿನ ಚಳವಳಿಯನ್ನು ಬಿಡಿಸಿ ನೋಡಿತು. ಲೆಸ್ಟರಿನಲ್ಲಿ ಕಾಲುಚೀಲ ಹೆಣೆಯುವವರ ಹಸಿವು, ಬೇರೆಡೆ ಕೈಮಗ್ಗದವರ ಅವಸಾನ, ಮತ್ತೊಂದೆಡೆ ಗಿರಣಿಯ ಕೂಲಿ ಕಡಿತ. ಬಾವುಟ ಒಂದೇ, ಅದರ ಕೆಳಗಿನ ನೋವು ನಾನಾ ಬಗೆ.

ನಮ್ಮಂತಹ ವಾರಪತ್ರಿಕೆಯವರಿಗೆ ಇಲ್ಲಿ ಮತ್ತೊಂದು ಸ್ವಾರಸ್ಯವುಂಟು. ಚಾರ್ಟಿಸ್ಟರ ಮುಖ್ಯ ಪತ್ರಿಕೆ 'ನಾರ್ದರ್ನ್ ಸ್ಟಾರ್' ೧೮೩೭ರಲ್ಲಿ ಹೊರಟದ್ದು ಲಂಡನ್ನಿನಿಂದ ಅಲ್ಲ, ಲೀಡ್ಸಿನಿಂದ. ಬೆಲೆ ನಾಲ್ಕೂವರೆ ಪೆನ್ನಿ. ಕೂಲಿಕಾರನೊಬ್ಬನಿಗೆ ಕೊಳ್ಳಲು ಕಷ್ಟ. ಹತ್ತು ಜನ ಕೂಡಿ ಕೊಳ್ಳುವರು, ಒಬ್ಬನು ಗಟ್ಟಿಯಾಗಿ ಓದುವನು, ಉಳಿದವರು ಕೆಲಸ ಮಾಡುತ್ತ ಕೇಳುವರು. ೧೮೪೪ರಲ್ಲಿ ಪತ್ರಿಕೆಯನ್ನು ಲಂಡನ್ನಿಗೆ ಒಯ್ದರು.

ಲೀಡ್ಸಿನ ಪುರಭವನದ ಕತೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಪಕ್ಕದ ಬ್ರಾಡ್‌ಫರ್ಡಿನವರು ೧೮೫೩ರಲ್ಲಿ ಭಾರಿ ಸಭಾಂಗಣ ಕಟ್ಟಿಬಿಟ್ಟರು. ಲೀಡ್ಸಿನ ಶ್ರೀಮಂತರಿಗೆ ನಿದ್ದೆ ಬರಲಿಲ್ಲ. ತಮ್ಮದು ಅದಕ್ಕಿಂತ ಎತ್ತರವಿರಬೇಕು, ಮೇಲೊಂದು ಗೋಪುರವೂ ಬೇಕು ಎಂದರು. ಗೋಪುರ ಬೇಕೆ ಬೇಡವೆ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಕಂದಾಯ ಕಟ್ಟುವ ಚಿಕ್ಕ ಅಂಗಡಿಯವರು ಬೇಡವೆಂದು ಬಾಯಿ ಬಡಿದುಕೊಂಡರು. ಖರ್ಚು ಮೊದಲ ಅಂದಾಜಿನ ಎರಡು ಪಟ್ಟನ್ನೂ ಮೀರಿತು. ಕಟ್ಟುವ ಗುತ್ತಿಗೆದಾರ ದಿವಾಳಿಯಾದ. ೧೮೫೮ರಲ್ಲಿ ವಿಕ್ಟೋರಿಯ ರಾಣಿ ಬಂದು ಬಾಗಿಲು ತೆರೆದಳು. ಇದೇ ಊರಿನಲ್ಲಿ ೧೮೩೨ರಲ್ಲಿಯೂ ೧೮೪೯ರಲ್ಲಿಯೂ ಕಾಲರಾ ಬಂದು ಗಲ್ಲಿಗಳು ಬರಿದಾಗಿದ್ದುವು. ಚರಂಡಿಗೆ ಮೊದಲೋ ಗೋಪುರಕ್ಕೆ ಮೊದಲೋ? ನಮ್ಮ ನಗರಸಭೆಗಳಲ್ಲಿ ಈ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಬ್ರಿಗ್ಸ್ ಅವರಿಗೆ ಆ ಗೋಪುರದ ಬಗ್ಗೆ ಸ್ವಲ್ಪ ಪ್ರೀತಿ ಹೆಚ್ಚೇ. ಊರಿನ ಅಭಿಮಾನದಿಂದಲೇ ಮುಂದೆ ಊರಿನ ಸುಧಾರಣೆಯೂ ಹುಟ್ಟುತ್ತದೆ ಎಂದು ಅವರು ನಂಬಿದ್ದರು. ನಮಗೆ ಆ ನಂಬಿಕೆ ಅಷ್ಟಿಲ್ಲ.

ಆ ನಂಬಿಕೆಗೆ ಅವರು ಕೊಡುವ ಬಲವಾದ ಸಾಕ್ಷ್ಯ ಮತ್ತೆ ಬರ್ಮಿಂಗ್‌ಹ್ಯಾಮೇ. ತಿರುಪುಮೊಳೆಯ ಜೋಸೆಫ್ ಚೇಂಬರ್ಲೇನ್ ೧೮೭೩ರಿಂದ ೧೮೭೬ರವರೆಗೆ ಮೇಯರಾಗಿದ್ದಾಗ ಖಾಸಗಿ ಕಂಪೆನಿಗಳ ಕೈಯಲ್ಲಿದ್ದ ಗ್ಯಾಸು, ನೀರು ಎರಡನ್ನೂ ನಗರಸಭೆ ಕೊಂಡುಕೊಂಡಿತು. ಗ್ಯಾಸಿನ ಲಾಭ ಷೇರುದಾರರ ಜೇಬಿಗೆ ಹೋಗದೆ ಊರಿನ ಬೊಕ್ಕಸಕ್ಕೆ ಬಂತು. ಬಂಡವಾಳಗಾರನ ಕೈಯಿಂದಲೇ ಸಾರ್ವಜನಿಕ ಒಡೆತನ! ಇದನ್ನು ನಾವು ಸಂತೋಷದಿಂದಲೇ ಹೇಳುತ್ತೇವೆ. ಆದರೆ ಅದೇ ಕಾಲದ ಕೊಳಚೆ ನಿರ್ಮೂಲನ ಯೋಜನೆಯಲ್ಲಿ ಬಡವರ ಮನೆಗಳನ್ನು ಕೆಡವಿ ಕಾರ್ಪೊರೇಷನ್ ರಸ್ತೆ ಎಂಬ ಅಂಗಡಿ ಬೀದಿ ಮಾಡಿದರು. ಮನೆ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟಿಕೊಡಲಿಲ್ಲವೆಂಬುದನ್ನೂ ಸೇರಿಸಿಯೇ ಹೇಳಬೇಕು.

ಮಿಡಲ್ಸ್‌ಬ್ರೊ ಇನ್ನೊಂದು ತರಹ. ೧೮೦೧ರಲ್ಲಿ ಅಲ್ಲಿ ಇದ್ದದ್ದು ಇಪ್ಪತ್ತೈದು ಜನ. ಕಲ್ಲಿದ್ದಲು ಸಾಗಿಸಲು ಜೋಸೆಫ್ ಪೀಸ್ ಮತ್ತು ಜೊತೆಗಾರರು ೧೮೩೦ರ ಸುಮಾರಿಗೆ ಐನೂರು ಎಕರೆ ಕೊಂಡು ಬಂದರು ಕಟ್ಟಿದರು. ೧೮೫೦ರಲ್ಲಿ ಹತ್ತಿರದ ಗುಡ್ಡದಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ೧೮೭೧ಕ್ಕೆ ಜನಸಂಖ್ಯೆ ಸುಮಾರು ನಲವತ್ತು ಸಾವಿರ, ೧೯೦೧ಕ್ಕೆ ತೊಂಬತ್ತು ಸಾವಿರದ ಮೇಲೆ. ಕಬ್ಬಿಣದ ಧಣಿ ಬೋಲ್ಕೊವೇ ಮೊದಲ ಮೇಯರು, ಮೊದಲ ಪಾರ್ಲಿಮೆಂಟ್ ಸದಸ್ಯ. ಕೆಲಸ ಕೊಡುವವನೂ ಅವನೇ, ಕಾನೂನು ಮಾಡುವವನೂ ಅವನೇ. ಮೆಲ್ಬರ್ನಿನ ಮಾತು ಹೇಳುವುದಾದರೆ, ಅಲ್ಲಿನ ಕಲ್ಲುಕುಟಿಗರು ೧೮೫೬ರ ಏಪ್ರಿಲ್ ೨೧ರಂದು ಕೆಲಸ ಕೆಳಗಿಟ್ಟು ಮೆರವಣಿಗೆ ಹೊರಟು ಎಂಟು ಗಂಟೆಯ ದುಡಿಮೆಯನ್ನು ಗೆದ್ದುಕೊಂಡರು. ಕೂಲಿಯ ಕಡಿತವಿಲ್ಲದೆ.

ಇನ್ನು ಬ್ರಿಗ್ಸ್ ಅವರ ಬದುಕಿನ ಉಳಿದ ಭಾಗ. ೧೯೬೦ರಲ್ಲಿ ಕಾರ್ಮಿಕ ಇತಿಹಾಸದ ಅಧ್ಯಯನಕ್ಕೆ ಒಂದು ಸಂಘ ಹುಟ್ಟಿತು, ಸ್ಥಾಪಕರಲ್ಲಿ ಅವರೊಬ್ಬರು. ೧೯೬೧ರಲ್ಲಿ ಹೊಸದಾಗಿ ತೆರೆದ ಸಸೆಕ್ಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ೧೯೬೭ರಿಂದ ೧೯೭೬ರವರೆಗೆ ಅದರ ಕುಲಪತಿಗಳಾಗಿದ್ದರು. ಬ್ರಿಟಿಷ್ ರೇಡಿಯೋ ಟೆಲಿವಿಷನ್ನಿನ ಇತಿಹಾಸವನ್ನು ಐದು ಸಂಪುಟಗಳಲ್ಲಿ ಬರೆದರು. ಇವೆಲ್ಲ ದೊಡ್ಡ ಕೆಲಸಗಳೇ. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೆ ಎರಡು.

ಮೊದಲನೆಯದು ಕಾರ್ಮಿಕರ ಶಿಕ್ಷಣ ಸಂಘ. ೧೯೦೩ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಎಂಬ ಸಹಕಾರ ಸಂಸ್ಥೆಯ ಗುಮಾಸ್ತ ಕಟ್ಟಿದ ಸಂಘ ಅದು. ದುಡಿದು ಬಂದವರಿಗೆ ಸಂಜೆಯ ತರಗತಿ. ಪಾಠ ಹೇಳುವವರು ವಿಶ್ವವಿದ್ಯಾನಿಲಯದವರು, ಪ್ರಶ್ನೆ ಕೇಳುವವರು ಗಿರಣಿಯವರು. ೧೯೦೮ರಲ್ಲಿ ಟಾನಿ ಎಂಬ ಪ್ರಸಿದ್ಧ ಸಮಾಜವಾದಿ ವಿದ್ವಾಂಸರು ರಾಚ್‌ಡೇಲಿನ ಕೆಲಸಗಾರರಿಗೆ ಅರ್ಥಶಾಸ್ತ್ರ ಮತ್ತು ಇತಿಹಾಸ ಹೇಳಿದ್ದು ಈ ಸಂಘದ ತರಗತಿಯಲ್ಲಿಯೇ. ೧೯೫೮ರಿಂದ ೧೯೬೭ರವರೆಗೆ ಬ್ರಿಗ್ಸ್ ಅವರು ಇದರ ಅಧ್ಯಕ್ಷರಾಗಿದ್ದರು. ಎರಡನೆಯದು ಮುಕ್ತ ವಿಶ್ವವಿದ್ಯಾನಿಲಯ. ಶಾಲೆಯ ಅಂಕಪಟ್ಟಿ ಕೇಳದೆ, ಕೆಲಸ ಬಿಡಿಸದೆ, ಮನೆಯಲ್ಲಿಯೇ ಪದವಿಗೆ ಓದಿಸುವ ಈ ಏರ್ಪಾಡನ್ನು ಲೇಬರ್ ಸರ್ಕಾರ ತಂದಾಗ ಅದರ ಯೋಜನಾ ಸಮಿತಿಯಲ್ಲಿ ಬ್ರಿಗ್ಸ್ ಇದ್ದರು. ೧೯೬೯ರಲ್ಲಿ ಸನ್ನದು ದೊರೆಯಿತು, ೧೯೭೧ರಲ್ಲಿ ಪಾಠ ಆರಂಭವಾಯಿತು. ೧೯೭೮ರಿಂದ ೧೯೯೪ರವರೆಗೆ ಅದರ ಅತ್ಯುನ್ನತ ಗೌರವ ಪದವಿ ಅವರದಾಗಿತ್ತು. ಮೆಟ್ರಿಕ್ಕಿಗೆ ನಿಂತುಹೋದ ನಮ್ಮಂತಹವರಿಗೆ ಇದರ ಬೆಲೆ ಬೇರೆಯವರು ಹೇಳಬೇಕಾಗಿಲ್ಲ. ಇದೇ ಬಗೆಯ ವಿಶ್ವವಿದ್ಯಾನಿಲಯ ೧೯೯೬ರಲ್ಲಿ ಮೈಸೂರಿನಲ್ಲಿಯೂ ಬಂತು.

ಹೊಗಳಿಕೆ ಮಾತ್ರ ಹೇಳಿ ಹೋಗುವುದು ನಮ್ಮ ಪದ್ಧತಿಯಲ್ಲ. ಬ್ರಿಗ್ಸ್ ಅವರು ೧೯೭೬ರಲ್ಲಿ ಲಾರ್ಡ್ ಆದರು. ಗಿರಣಿ ಊರಿನ ಮಗ ಪ್ರಭುಗಳ ಸಭೆಯಲ್ಲಿ ಕುಳಿತದ್ದು ನಮಗೆ ರುಚಿಸುವ ಸಂಗತಿಯಲ್ಲ. ಕಂಪೆನಿಗಳ ಕೋರಿಕೆಯ ಮೇಲೆ ಅವುಗಳ ಚರಿತ್ರೆಯನ್ನೂ ಬರೆದುಕೊಟ್ಟರು. ಅವುಗಳಲ್ಲಿ ಒಂದು ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಗಳ ನೂರು ವರ್ಷದ ಕತೆ. ವರ್ತಕ ಬಂಧುಗಳು ಇದನ್ನು ಕೇಳಬೇಕು. ರಷ್ಯಾ ಸಾಮ್ರಾಜ್ಯದಿಂದ ಬರಿಗೈಯಲ್ಲಿ ಬಂದ ಮೈಕೇಲ್ ಮಾರ್ಕ್ಸ್ ಎಂಬ ಯಹೂದಿ ೧೮೮೪ರಲ್ಲಿ ಲೀಡ್ಸಿನ ಸಂತೆಯಲ್ಲಿ ಒಂದು ಕಟ್ಟೆ ಹಿಡಿದು, ಯಾವ ಸಾಮಾನಾದರೂ ಒಂದೇ ಪೆನ್ನಿ ಎಂದು ಮಾರಲು ಕುಳಿತ. ಮಾತು ಸರಿಯಾಗಿ ಬಾರದವನಿಗೆ ಚೌಕಾಸಿಯ ತೊಂದರೆ ತಪ್ಪಿತು, ಕೊಳ್ಳುವವರಿಗೂ ಅನುಕೂಲವಾಯಿತು. ಆ ಕಟ್ಟೆಯಿಂದ ದೇಶದ ತುಂಬ ಮಳಿಗೆಗಳು ಬೆಳೆದುವು. ಆ ಮಳಿಗೆಗಳು ಬಂದ ಬೀದಿಗಳಲ್ಲಿ ಉಳಿದ ಸಣ್ಣ ಅಂಗಡಿಗಳ ಪಾಡೇನಾಯಿತು ಎಂಬುದನ್ನು ಕಂಪೆನಿಯ ಹಣದಿಂದ ಬರೆದ ಚರಿತ್ರೆಯಲ್ಲಿ ಹುಡುಕುವುದು ಕಷ್ಟ.

೨೦೧೬ರ ಮಾರ್ಚಿನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಬ್ರಿಗ್ಸ್ ತೀರಿಕೊಂಡರು.

ಮ್ಯಾಂಚೆಸ್ಟರಿನ ಇತಿಹಾಸ ನಮ್ಮಿಂದ ದೂರವೆಂದು ಭಾವಿಸಬೇಡಿರಿ. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಹತ್ತಿ, ಅಲ್ಲಿಯ ಹತ್ತಿ ಬರುವುದು ನಿಂತು ಲಂಕಾಷೈರಿನ ಗಿರಣಿಗಳು ಬಾಗಿಲು ಮುಚ್ಚಿದಾಗ ಅವರ ಕಣ್ಣು ಬಿದ್ದದ್ದು ನಮ್ಮ ಧಾರವಾಡದ ಎರೆಹೊಲದ ಮೇಲೆ. ಧಾರವಾಡದ ಹತ್ತಿಯನ್ನು ಹಡಗಿಗೆ ಏರಿಸಲು ಕಾರವಾರದ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ಹೂಡಿದರು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಒಂದು ಜಿಲ್ಲೆ ಯಾವ ಪ್ರಾಂತದಲ್ಲಿರಬೇಕೆಂಬುದನ್ನು ಅಷ್ಟು ದೂರದ ಗಿರಣಿಗಳ ಹಸಿವು ತೀರ್ಮಾನಿಸಿತು! ೧೮೬೫ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಹತ್ತಿಯನ್ನು ನಂಬಿದವರು ಮುಳುಗಿದರು.

ಇಂತಹ ಕತೆಗಳನ್ನು ನಮ್ಮ ಊರುಗಳ ಕಡೆಯಿಂದ ಬರೆಯುವವರು ಬೇಕು. ಕೆಲವರು ಬರೆದಿದ್ದಾರೆ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ೧೯೯೮ರಲ್ಲಿ, ಬೆಂಗಳೂರು ನಗರದ ಬಗ್ಗೆ ೨೦೦೫ರಲ್ಲಿ ಗ್ರಂಥಗಳನ್ನು ಪ್ರಕಟಿಸಿದರು. ಎರಡೂ ಇಂಗ್ಲಿಷಿನಲ್ಲಿವೆ. ಜಿಲ್ಲಾ ಕೇಂದ್ರದ ಗಿರಣಿ ಊರುಗಳ ಸರದಿ ಬರುವಷ್ಟರಲ್ಲಿ ಕಾಗದವೇ ಉಳಿದಿರುವುದೋ ಇಲ್ಲವೋ ಎಂಬುದು ನಮ್ಮ ಚಿಂತೆ. ಗಿರಣಿ ಮುಚ್ಚಿದರೆ ಯಂತ್ರ ಹರಾಜಿಗೆ, ಹಾಜರಿ ಪುಸ್ತಕ ರದ್ದಿಗೆ. ಮುದುಕರು ತೀರಿಕೊಂಡರೆ ಮನೆಯವರು ಟ್ರಂಕಿನ ಕಾಗದವನ್ನೆಲ್ಲ ಒಲೆಗೆ ಹಾಕುತ್ತಾರೆ.

ಆದುದರಿಂದ ಒಂದು ಕೆಲಸ ಗೊತ್ತುಮಾಡಿದ್ದೇವೆ. ನಿಮ್ಮ ಮನೆಯಲ್ಲಿ ತಂದೆಯವರ, ಅಜ್ಜನವರ ಕಾಲದ ಸಂಬಳದ ಚೀಟಿ, ಗೇಟ್ ಪಾಸು, ಯೂನಿಯನ್ನಿನ ರಸೀದಿ, ಮುಷ್ಕರದ ಕರಪತ್ರ, ಅಂಗಡಿಯ ಹಳೆಯ ಕಿರ್ದಿ ಖಾತೆ ಏನಿದ್ದರೂ, ಇಲಿ ಕಡಿದಿದ್ದರೂ ಚಿಂತೆಯಿಲ್ಲ, ಪಕ್ಷದ ಕಚೇರಿಗೆ ತನ್ನಿರಿ. ಉದ್ರಿಯ ಲೆಕ್ಕದ ಪುಸ್ತಕ ತರಲು ವರ್ತಕರು ಸಂಕೋಚಪಡಬೇಕಾಗಿಲ್ಲ. ಗಿರಾಕಿಗಳ ಹೆಸರನ್ನು ನಾವು ಬರೆದುಕೊಳ್ಳುವುದಿಲ್ಲ, ಅಕ್ಕಿ ಎಣ್ಣೆಯ ಧಾರಣೆಯನ್ನು ಮಾತ್ರ ಬರೆದುಕೊಳ್ಳುತ್ತೇವೆ. ಪಗಾರದ ಚೀಟಿಯನ್ನೂ ಆ ಧಾರಣೆಯನ್ನೂ ಪಕ್ಕಪಕ್ಕ ಇಟ್ಟರೆ ಯಾವ ವರ್ಷ ಯಾರ ಮನೆಯಲ್ಲಿ ಎಷ್ಟು ಒಲೆ ಉರಿಯಿತೆಂಬುದು ತಾನಾಗಿ ತಿಳಿಯುತ್ತದೆ. ಭಾನುವಾರ ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಕಚೇರಿಯಲ್ಲಿ ಇಬ್ಬರು ಕುಳಿತಿರುತ್ತಾರೆ. ನಕಲು ಮಾಡಿಕೊಂಡು, ರಸೀದಿ ಕೊಟ್ಟು, ಮೂಲವನ್ನು ಮುಂದಿನ ಭಾನುವಾರ ಹಿಂತಿರುಗಿಸುತ್ತಾರೆ.